ಕೋಲಾರದ ಮಂಡಿಯಿಂದ ಬೆಂಗಳೂರಿನ ಟ್ರಾಫಿಕ್ ಮಾಡೆಲ್‌ವರೆಗೆ: ನನ್ನ ಅನುಭವ

ಬೆಂಗಳೂರಿನ ಟ್ರಾಫಿಕ್ ಅಂದ ತಕ್ಷಣ ಕಾರು, ಬೈಕು, ಮೆಟ್ರೊ ಮಾತೇ ಬರುತ್ತದೆ. ಅಷ್ಟು ದೊಡ್ಡ ಊರಿಗೆ ದಿನಾ ತರಕಾರಿ, ಇಟ್ಟಿಗೆ, ಫ್ಯಾಕ್ಟರಿ ಸಾಮಾನು ಹೇಗೆ ಬರುತ್ತದೆ ಅನ್ನೋದು ಚರ್ಚೆಗೆ ಬರುವುದೇ ಕಡಿಮೆ. ನನ್ನ ಕೆಲಸ ಸಾರಿಗೆ ಮಾಡೆಲಿಂಗ್, ಅಂದರೆ ರಸ್ತೆಯ ಓಡಾಟವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸುವುದು. ಇರುವುದು ಕೋಲಾರದಲ್ಲಿ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೊಸಕೋಟೆ ದಾಟಿ ಬೆಂಗಳೂರಿಗೆ ಹೋಗುವ ಸರಕು ಗಾಡಿಗಳ ಮಾಡೆಲ್ ಒಂದನ್ನು ಕಟ್ಟಿದೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಅದರ ವಿವರ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಕಲಿಸುವ ನಾಲ್ಕು ಹಂತದ ಮಾಡೆಲ್ ಇದೆ. ಯಾವ ಏರಿಯಾದಿಂದ ಎಷ್ಟು ಓಡಾಟ ಹುಟ್ಟುತ್ತದೆ, ಅದು ಎಲ್ಲಿಗೆ ಹೋಗುತ್ತದೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ. ಜನರ ಓಡಾಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಎಲ್ಲಿ ಎಷ್ಟು ಮನೆ, ಎಲ್ಲಿ ಎಷ್ಟು ಕೆಲಸ ಅಂತ ಗೊತ್ತಿದ್ದರೆ ಬೆಳಗಿನ ಓಡಾಟ ಸುಮಾರಾಗಿ ಸಿಗುತ್ತದೆ. ಬೆಳಿಗ್ಗೆ ಹೋದವರು ಸಂಜೆ ಮನೆಗೆ ಬರುತ್ತಾರೆ. ಸರಕಿನ ವಿಷಯದಲ್ಲಿ ಹೀಗೆ ನಡೆಯುವುದಿಲ್ಲ. ಟೊಮೆಟೊ ಹೋದರೆ ಹೋಯಿತು, ಗಾಡಿ ಮಾತ್ರ ವಾಪಸ್ ಬರುತ್ತದೆ. ಅದೂ ಹೋದ ದಾರಿಯಲ್ಲೇ ಬರಬೇಕು ಅಂತಿಲ್ಲ. ಎಲ್ಲಿಗೆ, ಯಾವಾಗ ಅಂತ ತೀರ್ಮಾನ ಮಾಡುವವರು ಮಂಡಿಯವರು, ಮಾಲು ಕೊಂಡ ವ್ಯಾಪಾರಿ, ಟ್ರಾನ್ಸ್‌ಪೋರ್ಟ್ ಆಫೀಸಿನವರು. ಡ್ರೈವರ್ ಕೈಯಲ್ಲಿರುವುದು ದಾರಿಯೊಂದೇ, ಅದೂ ಪೂರ್ತಿ ಅಲ್ಲ. ಅದಕ್ಕೇ ನಾನು ಮೊದಲು ಲೋಡು, ಆಮೇಲೆ ಗಾಡಿ, ಆಮೇಲೆ ಗಾಡಿ ಹೊಡೆಯುವ ಸುತ್ತು ಅನ್ನುವ ಕ್ರಮದಲ್ಲಿ ಹೋದೆ.

ಲೋಡಿನ ಲೆಕ್ಕ ಎಲ್ಲಿ ಸಿಗುತ್ತದೆ? 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಇದೆ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಅದು ಬೇಕು. ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿ ಮಾಲು ಅದರೊಳಗೆ ಬರುತ್ತದೆ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಇ-ವೇ ಬಿಲ್ಲೂ ಬೇಕಿಲ್ಲ. ಅಂದರೆ ಕೋಲಾರದಿಂದ ಹೊರಡುವ ಟೊಮೆಟೊ ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಟೋಲ್‌ನಲ್ಲಿ ಫಾಸ್ಟ್ಯಾಗ್ ಇದೆ, ಅದು ಗಾಡಿ ದಾಟಿದ್ದು ಹೇಳುತ್ತದೆ. ಒಳಗೆ ಲೋಡಿತ್ತಾ, ಖಾಲಿ ಇತ್ತಾ ಅಂತ ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾಗಿದ್ದು ವೇಬ್ರಿಡ್ಜ್ (ಗಾಡಿ ಸಮೇತ ತೂಗುವ ತಕ್ಕಡಿ) ಚೀಟಿ. ಕೈಯಗಲದ ಕಾಗದ. ಅದರಲ್ಲಿ ಗಾಡಿ ನಂಬರು, ದಿನಾಂಕ, ಹೊತ್ತು, ಲೋಡು ಸಮೇತ ತೂಕ, ಖಾಲಿ ತೂಕ, ಕಳೆದರೆ ಬರುವ ಮಾಲಿನ ತೂಕ ಎಲ್ಲ ಇರುತ್ತದೆ. ಎಷ್ಟೋ ಚೀಟಿಯಲ್ಲಿ ಮಾಲು ಏನು ಅಂತಲೂ ಬರೆದಿರುತ್ತಾರೆ. ವೇಬ್ರಿಡ್ಜ್ ಮಾಲೀಕರ ಹತ್ತಿರ ಹೋಗಿ, ಯಾಕೆ ಬೇಕು ಅಂತ ಬಿಡಿಸಿ ಹೇಳಿ, ಗಾಡಿ ನಂಬರು ಬಿಟ್ಟು ಉಳಿದಿದ್ದನ್ನು ಬರೆದುಕೊಂಡೆ. ಯಾವ ಗಂಟೆಗೆ ಎಷ್ಟು ಟನ್ ಹೊರಡುತ್ತದೆ ಅನ್ನುವ ಚಿತ್ರ ಅಲ್ಲಿಂದಲೇ ಸಿಕ್ಕಿತು.

ಇನ್ನು ಡ್ರೈವರ್‌ಗಳ ಹತ್ತಿರ ಮಾತು. ಸರ್ವೆ ಫಾರಂನಲ್ಲಿ ‘ಎಲ್ಲಿಂದ, ಎಲ್ಲಿಗೆ’ ಅಂತ ಎರಡು ಕಾಲಂ ಇರುತ್ತದೆ. ಹಾಗೇ ಕೇಳಿದರೆ ‘ಬೆಂಗಳೂರು ಸಾರ್’ ಅಂತ ಒಂದೇ ಮಾತು ಬರುತ್ತದೆ. ‘ಅಣ್ಣ, ನಿನ್ನೆ ಎಲ್ಲೆಲ್ಲಿ ಇಳಿಸಿದ್ರಿ?’ ಅಂತ ಕೇಳಿದರೆ ಬೇರೆಯೇ ಉತ್ತರ. ಕೆ.ಆರ್. ಪುರದಲ್ಲಿ ಒಂದಿಷ್ಟು ಬಾಕ್ಸ್, ಇಂದಿರಾನಗರದಲ್ಲಿ ಒಂದು ಅಂಗಡಿಗೆ ಸ್ವಲ್ಪ, ಉಳಿದಿದ್ದು ಕಲಾಸಿಪಾಳ್ಯ, ಬರುವಾಗ ಖಾಲಿ ಕ್ರೇಟು ತುಂಬಿಕೊಂಡು ವಾಪಸ್. ಇದನ್ನು ಕೋಲಾರದಿಂದ ಬೆಂಗಳೂರಿಗೆ ಒಂದು ಟ್ರಿಪ್ ಅಂತ ಬರೆದರೆ ಊರೊಳಗಿನ ಓಡಾಟವೆಲ್ಲ ಮಾಡೆಲ್‌ನಿಂದ ಬಿಟ್ಟುಹೋಗುತ್ತದೆ. ಖಾಲಿ ಕ್ರೇಟಿನ ಗಾಡಿಯೂ ರಸ್ತೆಯಲ್ಲಿ ತುಂಬಿದ ಗಾಡಿಯಷ್ಟೇ ಜಾಗ ಹಿಡಿಯುತ್ತದೆ ಅಲ್ವಾ? ನಮ್ಮ ಕಡೆ ಬಹಳ ಡ್ರೈವರ್‌ಗಳಿಗೆ ತೆಲುಗಿನಲ್ಲಿ ಮಾತಾಡುವುದೇ ಸಲೀಸು. ತೆಲುಗು ಬರುವ ಹುಡುಗರನ್ನೇ ಸರ್ವೆಗೆ ಹಾಕಿದ್ದೆ. ಅದರಿಂದ ಉತ್ತರಗಳ ಗುಣಮಟ್ಟವೇ ಬದಲಾಯಿತು.

ಈಗ ನನಗೆ ತುಂಬಾ ಮುಖ್ಯ ಅನಿಸಿದ ಲೆಕ್ಕಕ್ಕೆ ಬರುತ್ತೇನೆ. ಬೇರೆ ಬೇರೆ ವಾಹನಗಳನ್ನು ಒಂದೇ ಅಳತೆಗೆ ತರಲು ಕಾರಿಗೆ 1 ಅಂತ ಇಟ್ಟು, ಉಳಿದವನ್ನು ಅದಕ್ಕೆ ಹೋಲಿಸಿ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಲೆಕ್ಕ ಹಾಕುತ್ತೇವೆ. ನಗರದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಕೈಪಿಡಿಯಲ್ಲಿ ಲಾರಿಗೆ 2.2ರಿಂದ 3.7, ಹಗುರ ಸರಕು ವಾಹನಕ್ಕೆ 1.4ರಿಂದ 2 ಅಂತ ಕೊಟ್ಟಿದ್ದಾರೆ. ರಸ್ತೆಯಲ್ಲಿ ಆ ಜಾತಿಯ ವಾಹನ ಜಾಸ್ತಿ ಆದಷ್ಟೂ ಮೇಲಿನ ಅಂಕಿ ಹಿಡಿಯಬೇಕು.

60 ಟನ್ ಟೊಮೆಟೊ ಬೆಂಗಳೂರಿಗೆ ಹೋಗಬೇಕು ಅಂದುಕೊಳ್ಳಿ. 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ 4,000 ಬಾಕ್ಸ್. 15 ಟನ್ ಹೊರುವ ಲಾರಿಯಾದರೆ 4 ಸಾಕು. ಒಂದಕ್ಕೆ 3.7 ಹಿಡಿದರೂ ಒಟ್ಟು 14.8. ಅದೇ ಮಾಲನ್ನು ಒಂದೂವರೆ ಟನ್ ಹೊರುವ ಪಿಕಪ್‌ನಲ್ಲಿ ಕಳಿಸಿದರೆ 40 ಗಾಡಿ ಬೇಕು. ಪಿಕಪ್‌ಗೆ ಕಾರಿನಷ್ಟೇ 1 ಅಂತ ಕೊಟ್ಟರೂ 40, ಹಗುರ ಸರಕು ವಾಹನ ಅಂತ 1.4 ಹಿಡಿದರೆ 56. ರಸ್ತೆಯ ಮೇಲಿನ ಹೊರೆ ಮೂರು ನಾಲ್ಕು ಪಟ್ಟು. ದೊಡ್ಡ ಲಾರಿ ಊರೊಳಗೆ ಬರಬಾರದು ಅಂದಾಗ ಮಾಲು ನಿಲ್ಲುವುದಿಲ್ಲ, ಸಣ್ಣ ಗಾಡಿಗೆ ಇಳಿಯುತ್ತದೆ. ಬೆಳಿಗ್ಗೆ, ಸಂಜೆ ದಟ್ಟಣೆಯ ಹೊತ್ತಿನಲ್ಲಿ ಭಾರಿ ಗಾಡಿ ತಡೆಯುವುದಕ್ಕೆ ಸುರಕ್ಷತೆಯಂಥ ಒಳ್ಳೆಯ ಕಾರಣಗಳಿವೆ, ನಾನು ಒಪ್ಪುತ್ತೇನೆ. ಆದರೆ ಈ ಲೆಕ್ಕ ಪಕ್ಕದಲ್ಲಿಟ್ಟುಕೊಂಡೇ ಆ ತೀರ್ಮಾನ ಆಗಬೇಕು. ಲಾರಿಯನ್ನು ಸುಮ್ನೆ ದೊಡ್ಡ ಕಾರು ಅಂತ ನೋಡುವ ಮಾಡೆಲ್‌ನಲ್ಲಿ ಇದು ಹೊರಬರುವುದೇ ಇಲ್ಲ.

ಹೊತ್ತಿನ ವಿಷಯವೂ ಇಷ್ಟೇ ಮುಖ್ಯ. ಗಾಡಿ ಯಾವಾಗ ಹೊರಡುತ್ತದೆ ಅನ್ನುವುದನ್ನು ಒಂದು ಕಡೆ ಮಂಡಿಯ ಹರಾಜು ನಿರ್ಧರಿಸುತ್ತದೆ, ಇನ್ನೊಂದು ಕಡೆ ಬೆಂಗಳೂರಿನ ಪ್ರವೇಶ ನಿರ್ಬಂಧ. ನಡುವೆ ಹೆದ್ದಾರಿ ಬದಿಯಲ್ಲಿ ಲಾರಿಗಳು ಕಾದು ನಿಲ್ಲುತ್ತವೆ. ಡ್ರೈವರ್, ಕ್ಲೀನರ್ ಊಟ ಮಾಡಿ, ಕಣ್ಣು ಮುಚ್ಚಿ ಎದ್ದು, ನಿರ್ಬಂಧ ಮುಗಿದ ಕೂಡಲೇ ಒಟ್ಟಿಗೆ ಹೊರಡುತ್ತಾರೆ. ದಿನದ ಒಟ್ಟು ಲೆಕ್ಕವನ್ನು 24 ಗಂಟೆಗೆ ಹಂಚಿಬಿಟ್ಟರೆ ಈ ನೂಕುನುಗ್ಗಲು ಮಾಯ. ಅದಕ್ಕೆ ಹೊಸಕೋಟೆಯ ಹತ್ತಿರ ಕಾಯುವ ಜಾಗವನ್ನೇ ಮಾಡೆಲ್‌ನಲ್ಲಿ ಇಟ್ಟೆ.

ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಕಾಗಿಲ್ಲ. ರಸ್ತೆಯ ಜಾಲಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್, ನಕ್ಷೆಗೆ ಕ್ಯೂಜಿಐಎಸ್, ಸಿಮ್ಯುಲೇಶನ್‌ಗೆ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಕಟ್ಟಿದ ಸುಮೊ. ಎಲ್ಲ ಉಚಿತ. ಸುಮೊದಲ್ಲಿ ಲೇನಿನೊಳಗೇ ಅಕ್ಕಪಕ್ಕ ಸರಿಯುವ ವಾಹನಗಳನ್ನು ತೋರಿಸುವ ಸೌಕರ್ಯ ಇದೆ. ನಮ್ಮ ಬೈಕು, ಆಟೊಗಳಿಗೆ ಅದು ಇಲ್ಲದೆ ಆಗುವುದಿಲ್ಲ.

ದಟ್ಟಣೆಯಲ್ಲಿ ಪ್ರಯಾಣಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಅಂತ ಲೆಕ್ಕ ಹಾಕಲು ಹೆಚ್ಚಿನವರು ಬಳಸುವುದು ಅಮೆರಿಕದ ಬ್ಯೂರೊ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟ ಸೂತ್ರ. ರಸ್ತೆ ತಾಳುವಷ್ಟೇ ವಾಹನ ಇದ್ದರೆ ಪ್ರಯಾಣದ ಸಮಯ ಖಾಲಿ ರಸ್ತೆಗಿಂತ ಶೇ. 15 ಜಾಸ್ತಿ, ಅದರ ಒಂದೂವರೆ ಪಟ್ಟು ಬಂದರೆ ಶೇ. 76 ಜಾಸ್ತಿ. ಹೆದ್ದಾರಿಗೆ ಇದು ಸಾಕು. ಕಲಾಸಿಪಾಳ್ಯಕ್ಕೆ ಸಾಲದು. ಅಲ್ಲಿ ಒಂದು ಪಿಕಪ್ ರಸ್ತೆಯಲ್ಲೇ ನಿಂತು ಹಮಾಲರು ಬಾಕ್ಸ್ ಇಳಿಸುವಷ್ಟು ಹೊತ್ತು ಒಂದು ಲೇನ್ ಪೂರ್ತಿ ಬಂದ್. ಆ ನಿಲುಗಡೆಯನ್ನು ಸುಮೊದಲ್ಲಿ ನಿಜವಾಗಿ ನಿಲ್ಲಿಸಿಯೇ ತೋರಿಸಿದೆ. ಇಳಿಸುವುದಕ್ಕೆ ರಸ್ತೆಯಿಂದ ಒಳಗೆ ಜಾಗ ಕೊಟ್ಟು ಮತ್ತೆ ಓಡಿಸಿದಾಗ ಸುತ್ತಲಿನ ರಸ್ತೆಗಳು ಸಲೀಸಾದವು. ಫ್ಲೈಓವರ್‌ಗಿಂತ ಮೊದಲು ಲೋಡು ಇಳಿಸುವ ಜಾಗದ ಬಗ್ಗೆ ಯೋಚಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾಡೆಲ್ ಸರಿ ಇದೆಯಾ ಅಂತ ನೋಡಲು ಜಿಇಎಚ್ ಅನ್ನುವ ಅಳತೆ ಬಳಸುತ್ತಾರೆ, ಮಾಡೆಲ್‌ನ ಲೆಕ್ಕಕ್ಕೂ ರಸ್ತೆಯ ಎಣಿಕೆಗೂ ಎಷ್ಟು ಅಂತರ ಅಂತ ಅದು ಹೇಳುತ್ತದೆ. ಅದು 5ಕ್ಕಿಂತ ಕಡಿಮೆ ಇದ್ದರೆ ಪಾಸು. ಇದನ್ನು ವಾಹನದ ಜಾತಿವಾರು ನೋಡಲೇಬೇಕು. ಉದಾಹರಣೆಗೆ, ಗಂಟೆಗೆ ಮಾಡೆಲ್‌ನಲ್ಲಿ 1,000 ವಾಹನ, ರಸ್ತೆಯಲ್ಲಿ ಎಣಿಸಿದ್ದು 1,100 ಆದರೆ ಜಿಇಎಚ್ ಸುಮಾರು 3.1, ಪಾಸು. ಅದರೊಳಗೇ ಮಾಡೆಲ್‌ನಲ್ಲಿ 40 ಲಾರಿ, ರಸ್ತೆಯಲ್ಲಿ 100 ಲಾರಿ ಇದ್ದರೆ ಜಿಇಎಚ್ 7 ದಾಟುತ್ತದೆ. ಒಟ್ಟು ಲೆಕ್ಕ ಪಾಸಾಯಿತು ಅಂತ ರಿಪೋರ್ಟ್ ಮುಗಿಸಿದರೆ ಅರ್ಧಕ್ಕಿಂತ ಜಾಸ್ತಿ ಲಾರಿ ಕಾಣೆಯಾಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸೀಸನ್ ಬಗ್ಗೆ ಒಂದು ಮಾತು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಬಾಡಿಗೆಯೂ ಹುಟ್ಟದೆ ರೈತರು ಹೊಲದಲ್ಲೇ ಹಣ್ಣು ಬಿಡುತ್ತಾರೆ. ಇಂಥ ಸರಕಿಗೆ ವರ್ಷದ ಸರಾಸರಿ ದಿನ ಅಂತ ತೆಗೆದರೆ, ಹಾಗಿರುವ ದಿನ ರಸ್ತೆಯಲ್ಲಿ ಇರುವುದೇ ಇಲ್ಲ. ಆವಕ ಜಾಸ್ತಿ ಇರುವ ತಿಂಗಳಿಗೊಂದು, ಕಡಿಮೆ ಇರುವ ತಿಂಗಳಿಗೊಂದು ಬೇರೆ ಬೇರೆ ಓಡಿಸುತ್ತೇನೆ.

ದಾರಿ ಆಯ್ಕೆಯಲ್ಲಿ ಡ್ರೈವರ್‌ಗಳಿಂದಲೇ ಕಲಿತದ್ದು ಒಂದಿದೆ. ಹೊಸಕೋಟೆಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಕಡೆಗೆ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಸಿಗುತ್ತದೆ. ತುಮಕೂರು, ಹುಬ್ಬಳ್ಳಿ ಕಡೆಯ ಲೋಡು ಬೆಂಗಳೂರಿನೊಳಗೆ ಕಾಲಿಡಬೇಕಾಗಿಲ್ಲ. ಆದರೂ ಯಾರು ಆ ದಾರಿ ಹಿಡಿಯುತ್ತಾರೆ ಅನ್ನುವುದಕ್ಕೆ ಡೀಸೆಲ್, ಟೋಲ್, ಸಮಯ ಕೂಡಿಸಿದರೆ ಸಾಲದು. ಟೋಲ್ ಯಾರ ಜೇಬಿನಿಂದ ಹೋಗುತ್ತದೆ ಅಂತ ಕೇಳಬೇಕು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದ ಮೇಲೆ ಎಷ್ಟೋ ಗಾಡಿಗಳಲ್ಲಿ ಟೋಲ್ ನೇರವಾಗಿ ಮಾಲೀಕರ ಖಾತೆಯಿಂದ ಹೋಗುತ್ತದೆ. ಅಂಥ ಡ್ರೈವರ್ ಸಮಯ ನೋಡುತ್ತಾನೆ. ಟ್ರಿಪ್ ಖರ್ಚು ಅಂತ ಒಟ್ಟಿಗೆ ಪಡೆದು, ಉಳಿದದ್ದು ತನಗೆ ಅನ್ನುವ ಡ್ರೈವರ್ ಟೋಲ್ ಇಲ್ಲದ ದಾರಿ ಹುಡುಕುತ್ತಾನೆ. ಇಬ್ಬರನ್ನೂ ಬೇರೆ ಬೇರೆ ಗುಂಪು ಮಾಡಿದ ಮೇಲೆ ಮಾಡೆಲ್‌ನ ಲಾರಿಗಳು ರಸ್ತೆಯ ಎಣಿಕೆಗೆ ಹತ್ತಿರ ಬಂದವು.

ಈಗ ಇದೇ ಪ್ರಶ್ನೆ ಇಟ್ಟುಕೊಂಡು ಮಾಲೂರು, ಬಂಗಾರಪೇಟೆ ಕಡೆಯ ಸರ್ವೆಗೆ ಫಾರಂ ಸಿದ್ಧ ಮಾಡುತ್ತಿದ್ದೇನೆ. ಹೊಸಕೋಟೆಯಿಂದ ಹೊರಡುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಅದೇ ಭಾಗದಲ್ಲಿ ಹಾದು ಕೆಜಿಎಫ್ ಕಡೆಗೆ ಹೋಗುತ್ತದೆ. ಈ ಸಲ ಫಾರಂನ ಮೊದಲ ಸಾಲಿನಲ್ಲೇ ‘ಟೋಲ್ ಯಾರು ಕಟ್ಟುತ್ತಾರೆ?’ ಅಂತ ಹಾಕಿದ್ದೇನೆ.