ಹೋಗೋ ಮೊದಲೇ ಮೂರು ತಿಂಗಳು ಬೆಂಗಳೂರಿನ ಸಂಸಾರ ಮಾಡಿದೆವು

"ಅಲ್ಲಿ ನೀರು ಐತೇನಪ್ಪ?"

ಬೆಂಗಳೂರಿಗೆ ಹೋಗುತ್ತೇವೆ ಎಂದಾಗ ಅವ್ವ ಕೇಳಿದ ಮೊದಲ ಮಾತು ಇದು. ಬೇರೆ ಎಲ್ಲರೂ ಕೇಳಿದ್ದು ಸಂಬಳ ಎಷ್ಟು ಅಂತ.

2022ರ ಕೊನೆ. ನಾನು ದಾವಣಗೆರೆಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ) ನೋಡಿಕೊಳ್ಳುತ್ತಿದ್ದೆ. ಕೈಗೆ 27,000 ಬರುತ್ತಿತ್ತು. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಅವಳಿಗೆ 11,000. ವಿನೋಬನಗರದಲ್ಲಿ 6,000 ಬಾಡಿಗೆಯ ಮನೆ. ಮಗಳಿಗೆ ಆರು ತುಂಬುವುದರಲ್ಲಿತ್ತು, ಮಗನಿಗೆ ಒಂದು ವರ್ಷ. ಅವ್ವ ಹಗಲು ಹೊತ್ತು ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಪೀಣ್ಯದ ಒಂದು ಕಾರ್ಖಾನೆಯಿಂದ 45,000ಕ್ಕೆ ಕೆಲಸ ಬಂತು.

ಎಲ್ಲರ ಕಣ್ಣಿಗೆ ಬಿದ್ದಿದ್ದು 18,000 ಜಾಸ್ತಿ ಅನ್ನೋದು. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಕೂತು ಬರೆದೆವು. ಅಪ್ಪನನ್ನೂ ಗದ್ದೆಯನ್ನೂ ಬಿಟ್ಟು ಅವ್ವ ಬರುವಂತಿಲ್ಲ. ಮಗ ಚಿಕ್ಕವನು, ಹಾಗಾಗಿ ಹೆಂಡತಿ ಕೆಲಸ ಬಿಡಬೇಕು. ಅಂದರೆ ಮನೆಗೆ ಬರುತ್ತಿದ್ದ 38,000 ಈಗ 45,000 ಆಗುತ್ತೆ. ಜಾಸ್ತಿ ಆಗೋದು ಏಳು ಸಾವಿರ ಮಾತ್ರ. ಪೀಣ್ಯದ ಹತ್ತಿರ ಎರಡು ರೂಮಿನ ಮನೆಗೆ 13,500 ಅಂತ ಗೆಳೆಯ ಹೇಳಿದ್ದ. ಬಾಡಿಗೆಯಲ್ಲೇ 7,500 ಹೆಚ್ಚು. ಅಲ್ಲಿಗೆ ತಿಂಗಳಿಗೆ 500 ರೂಪಾಯಿ ಕಮ್ಮಿಯಾಯಿತು! ಇಬ್ಬರೂ ಸುಮ್ಮನೆ ಕೂತೆವು.

ಆದರೂ ಹೊರಟೆವು. ಕಾರಣ ಇತ್ತು. ವರ್ಕ್‌ಶಾಪ್‌ನಲ್ಲಿ ಸಂಬಳ ಒಂದು ತಿಂಗಳು 10ಕ್ಕೆ ಬಂದರೆ ಇನ್ನೊಂದು ತಿಂಗಳು 18ಕ್ಕೆ. ಪಿಎಫ್ ಇರಲಿಲ್ಲ. ಐದು ವರ್ಷದಿಂದ ಅದೇ ಮೆಷಿನ್, ಅದೇ ಕೆಲಸ. ಹೊಸ ಕಡೆ ಪಿಎಫ್, ಮನೆಯವರಿಗೆಲ್ಲ ಆರೋಗ್ಯ ವಿಮೆ, ಕಲಿಯೋಕೆ ದೊಡ್ಡ ಮೆಷಿನ್‌ಗಳು. ನನಗಾಗ 33 ವರ್ಷ. ಈಗ ಕಲಿಯದಿದ್ದರೆ ಮುಂದೆ ಯಾರೂ ಕರೆಯೋದಿಲ್ಲ ಅನ್ನಿಸಿತು.

ಮೊದಲೇ ಒಂದು ಸಲ ಮಾಡಿ ನೋಡೋಣ ಎಂದವಳು ಹೆಂಡತಿ. "ರೀ, ಅಲ್ಲಿಗೆ ಹೋಗಿ ಕಷ್ಟಪಡೋದಕ್ಕಿಂತ ಇಲ್ಲೇ ಪಟ್ಟು ನೋಡೋಣ. ಇಲ್ಲಿ ತಪ್ಪಿದರೆ ಅವ್ವ ಇದ್ದಾರೆ" ಅಂದಳು. ನಾನು ಸೇರಬೇಕಿದ್ದಿದ್ದು ಏಪ್ರಿಲ್‌ನಲ್ಲಿ. ಜನವರಿ, ಫೆಬ್ರುವರಿ, ಮಾರ್ಚ್, ಈ ಮೂರು ತಿಂಗಳು ದಾವಣಗೆರೆಯಲ್ಲೇ ಬೆಂಗಳೂರಿನ ಲೆಕ್ಕದಲ್ಲಿ ಬದುಕಿದೆವು. ಬಾಡಿಗೆ ಕಳೆದು ನಮ್ಮ ಕೈಯಲ್ಲಿ 32,000 ಉಳಿಯುತ್ತಿತ್ತು. ಅದರಲ್ಲಿ ಸಂಬಳದ ದಿನವೇ 6,000 ತೆಗೆದು ಬೇರೆ ಖಾತೆಗೆ ಹಾಕುತ್ತಿದ್ದೆವು. ಅದು ಬೆಂಗಳೂರಿನ ತರಕಾರಿ, ನೀರು, ಓಡಾಟಕ್ಕೆ ಹೆಚ್ಚಾಗಿ ಹೋಗುವ ದುಡ್ಡು ಅಂತ ಲೆಕ್ಕ. ಮಿಕ್ಕ 26,000ದಲ್ಲಿ ಚೀಟಿ ಕಂತು, ಗಾಡಿ ಕಂತು, ಅಪ್ಪನ ಮಾತ್ರೆ, ಹಾಲು, ದಿನಸಿ ಎಲ್ಲ.

ಮೊದಲ ತಿಂಗಳು 21ನೇ ತಾರೀಕಿಗೇ ಕೈ ಖಾಲಿ. ಆ ಖಾತೆಯಿಂದ 3,500 ವಾಪಸ್ ತೆಗೆದೆವು. ಎಲ್ಲಿ ಹೋಯಿತು ಅಂತ ನೋಡಿದರೆ, ಎರಡು ಮದುವೆಯ ಮುಯ್ಯಿ, ಮತ್ತೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ಸಣ್ಣ ಸಣ್ಣ ದುಡ್ಡು. ಸಂಜೆ ಮಂಡಕ್ಕಿ ಮಿರ್ಚಿಗೆ 60, ಮಕ್ಕಳಿಗೆ ಅಂಗಡಿಯಲ್ಲಿ 40. ಫೆಬ್ರುವರಿಯಿಂದ ದಿನದ ಖರ್ಚನ್ನು ನೋಟಿನಲ್ಲೇ ಮಾಡಿದೆವು. ಸೋಮವಾರ 1,500 ತೆಗೆದು ಡಬ್ಬಿಯಲ್ಲಿ ಇಟ್ಟರೆ ಭಾನುವಾರದವರೆಗೆ ಅಷ್ಟೇ. ಆ ತಿಂಗಳು 600 ಉಳಿಯಿತು. ಮಾರ್ಚ್‌ನಲ್ಲೂ ತಪ್ಪಲಿಲ್ಲ. ನನಗೆ ಧೈರ್ಯ ಬಂದಿದ್ದು ಆಗಲೇ. 45,000 ಅನ್ನೋ ಅಂಕಿ ಕೊಡದ ಧೈರ್ಯವನ್ನು ಆ 600 ರೂಪಾಯಿ ಕೊಟ್ಟಿತು.

ಏಪ್ರಿಲ್ 3ಕ್ಕೆ ಒಬ್ಬನೇ ಹೋಗಿ ಸೇರಿದೆ. ಎರಡು ತಿಂಗಳು ಪಿಜಿಯಲ್ಲಿದ್ದೆ. ಈ ಎರಡು ತಿಂಗಳನ್ನು ಯಾರೂ ತಪ್ಪಿಸಬೇಡಿ. ದಾವಣಗೆರೆಯಲ್ಲಿ ಕೂತು ಫೋಟೋ ನೋಡಿ ಮನೆ ಹಿಡಿದಿದ್ದರೆ ನಾವು ಸೋಲುತ್ತಿದ್ದೆವು. ದಿನಾ ಸಂಜೆ ಶಿಫ್ಟ್ ಮುಗಿದ ಮೇಲೆ ಒಂದೊಂದು ಬೀದಿ ನಡೆದೆ. ದಾಸರಹಳ್ಳಿ, ಬಾಗಲಗುಂಟೆ, ನಾಗಸಂದ್ರ, ಚಿಕ್ಕಬಾಣಾವರ. ಚಿಕ್ಕಬಾಣಾವರದ ಕಡೆ 10,000ಕ್ಕೂ ಮನೆ ಇತ್ತು. ಆದರೆ ಕೆಲಸಕ್ಕೆ ದೂರ. ಪೆಟ್ರೋಲ್, ದಿನಕ್ಕೆ ಒಂದೂವರೆ ಗಂಟೆ, ಮಗುವಿಗೆ ಜ್ವರ ಬಂದರೆ ಓಡಿ ಬರೋಕೆ ಆಗದ ದೂರ. ಒಬ್ಬರೇ ದುಡಿಯುವ ಮನೆಯಲ್ಲಿ ಇನ್ನೊಬ್ಬರು ದಿನವಿಡೀ ಮಕ್ಕಳ ಜೊತೆ ಒಂಟಿ. ದುಡಿಯುವವರು ಬೇಗ ಮನೆ ಸೇರುವಂತಿರಬೇಕು. ಬಾಗಲಗುಂಟೆಯಲ್ಲೇ ಹಿಡಿದೆ, ಕಾರ್ಖಾನೆಗೆ ಹದಿನೈದು ನಿಮಿಷ.

ನೀರಿನ ವಿಷಯ ಮನೆ ಮಾಲೀಕರನ್ನು ಕೇಳಬೇಡಿ. ಯಾರೂ ಇಲ್ಲ ಅನ್ನೋದಿಲ್ಲ. ನಾನು ಕೆಳಗಿನ ಮನೆಯ ಅಕ್ಕನನ್ನೂ ಎದುರಿನ ದಿನಸಿ ಅಂಗಡಿಯವರನ್ನೂ ಕೇಳಿದೆ. ಕಾವೇರಿ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು? ಬೋರ್ ಎಷ್ಟು ಮನೆಗೆ? ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ರಾ? ಏಪ್ರಿಲ್, ಮೇ ತಿಂಗಳಲ್ಲಿ ಮನೆ ನೋಡಿದ್ದರಿಂದ ನಿಜ ಗೊತ್ತಾಯಿತು. ಮಳೆಗಾಲದಲ್ಲಿ ನೋಡಿದ್ದರೆ ಎಲ್ಲ ಮನೆಯಲ್ಲೂ ನೀರು ಇರುತ್ತಿತ್ತು.

ಅಷ್ಟು ವಿಚಾರಿಸಿಯೂ 2024ರ ಮಾರ್ಚ್‌ನಲ್ಲಿ ನಮ್ಮ ಬೋರ್ ನಿಂತಿತು. ಆ ವರ್ಷ ಊರಿಗೆ ಊರೇ ನೀರಿಗೆ ಒದ್ದಾಡಿತು. ನಾಲ್ಕು ಮನೆ ಸೇರಿ ವಾರಕ್ಕೊಂದು ಟ್ಯಾಂಕರ್ ಹಾಕಿಸಿದೆವು. ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಅಂತ ದರ ಗೊತ್ತು ಮಾಡುವವರೆಗೆ ಅದರ ಎರಡರಷ್ಟು ಕೊಟ್ಟಿದ್ದೇವೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ಆದರೂ ನಾನು ಹೇಳೋದು ಒಂದೇ, ಮನೆಯನ್ನು ಬೇಸಿಗೆಯಲ್ಲಿ ನೋಡಿ.

ಅಡ್ವಾನ್ಸ್ ದೊಡ್ಡ ಹೊಡೆತ. ಹತ್ತು ತಿಂಗಳ ಬಾಡಿಗೆ ಅಂತ 1,35,000 ಕೇಳಿದರು. ದಾವಣಗೆರೆಯಲ್ಲಿ ನಾವು ಕೊಟ್ಟಿದ್ದು 30,000. ಮನೆ ಎರಡು ತಿಂಗಳಿಂದ ಖಾಲಿ ಇದೆ ಅಂತ ದಿನಸಿ ಅಂಗಡಿಯವರಿಂದ ಗೊತ್ತಾಗಿತ್ತು. ಕಂಪನಿ ಕೊಟ್ಟ ಪತ್ರ ಇಟ್ಟುಕೊಂಡು ಹೋಗಿ, ಹಳೇ ಮನೆ ಮಾಲೀಕರಿಂದಲೂ ಫೋನಿನಲ್ಲಿ ಎರಡು ಮಾತು ಹೇಳಿಸಿದೆ. 80,000ಕ್ಕೆ ಒಪ್ಪಿದರು. ಕರಾರು ಪತ್ರದಲ್ಲಿ ಎರಡು ಸಾಲು ಬರೆಸಿದೆ: ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಹಿಡಿಯಬಾರದು, 11 ತಿಂಗಳಿಗೊಮ್ಮೆ ಶೇ. 5ಕ್ಕಿಂತ ಹೆಚ್ಚು ಏರಿಸಬಾರದು.

ದುಡ್ಡು ಹೊಂದಿಸಿದ್ದು ಹೀಗೆ. ಹಳೇ ಮನೆಯ ಅಡ್ವಾನ್ಸ್‌ನಲ್ಲಿ ಬಣ್ಣಕ್ಕೆ ಹಿಡಿದು ಬಂದಿದ್ದು 26,000. ಹೆಂಡತಿ ಎತ್ತಿದ ಚೀಟಿ 60,000. ಮೂರು ತಿಂಗಳ ಆ ಖಾತೆಯಲ್ಲಿ ಉಳಿದಿದ್ದು 14,500. ಅಡ್ವಾನ್ಸ್ 80,000, ಸಾಮಾನು ತಂದ ಲಾರಿಗೆ 12,000. ಒಡವೆ ಅಡ ಇಡಲಿಲ್ಲ, ಯಾರ ಹತ್ತಿರವೂ ಕೈ ಸಾಲ ಮಾಡಲಿಲ್ಲ. ಬಾಡಿಗೆಯೇ ಇಲ್ಲ, ಎಂಟು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿಕೊಳ್ಳಿ ಎಂದೂ ಒಬ್ಬರು ಬಂದರು. ಅಪ್ಪ ಊರಿನ ಸೈಟು ಮಾರೋಣ ಎಂದರು. ನಾನು ಬೇಡ ಎಂದೆ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲೀಕರು ಕಟ್ಟದೆ ಹೋದರೆ, ಬ್ಯಾಂಕ್ ಮನೆ ಹರಾಜು ಹಾಕುತ್ತೆ. ನಮ್ಮ ಎಂಟು ಲಕ್ಷಕ್ಕೆ ಅಲೆಯಬೇಕಾಗುತ್ತೆ. ಅಂಥ ದುಡ್ಡು ಕಳೆದುಕೊಂಡು ತಡೆಯುವ ಶಕ್ತಿ ನಮಗಿರಲಿಲ್ಲ.

ಮೇ ಕೊನೇ ಭಾನುವಾರ ಎಲ್ಲರೂ ಬಂದೆವು. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ದಾವಣಗೆರೆಯ ಏಜೆನ್ಸಿಗೇ ವಾಪಸ್ ಕೊಟ್ಟು ವರ್ಗಾವಣೆ ಚೀಟಿ ತಂದಿದ್ದೆ. ಹಳೇ ಠೇವಣಿ 1,450 ಸಿಕ್ಕಿತು, ಇಲ್ಲಿ 2,200 ಕಟ್ಟಬೇಕಾಯಿತು. ಜೂನ್‌ನಲ್ಲಿ ಗೃಹಜ್ಯೋತಿಗೆ ಕರಾರು ಪತ್ರ ಇಟ್ಟು ಹಾಕಿದೆವು. ಬಾಡಿಗೆಯವರಿಗೂ ಸಿಗುತ್ತೆ, ಆದರೆ ಆಗ ಲೆಕ್ಕ ಹಿಡಿದಿದ್ದು ಆ ಮೀಟರ್‌ನ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ. 10. ನಮ್ಮ ಮನೆಯಲ್ಲಿ ಮೊದಲಿದ್ದವರು ಕಮ್ಮಿ ಬಳಸುತ್ತಿದ್ದರು. ಹಾಗಾಗಿ ನಮಗೆ 61 ಯೂನಿಟ್ ಮಾತ್ರ ಉಚಿತ, ಮೇಲಿನದಕ್ಕೆ ದುಡ್ಡು. ಮನೆ ಹಿಡಿಯುವ ಮೊದಲು ಹಳೇ ಬಿಲ್ ಒಂದು ಕೇಳಿ ನೋಡಿ. ಗೃಹಲಕ್ಷ್ಮಿಯ 2,000 ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ರೇಷನ್ ಕಾರ್ಡ್‌ನಲ್ಲಿ ಮನೆಯ ಯಜಮಾನಿ ಅವ್ವ, ಅದು ಅವಳ ಖಾತೆಗೇ ಹೋಗಲಿ ಅಂತ ಬಿಟ್ಟೆವು.

ಶಾಲೆಯ ಆಯ್ಕೆಯನ್ನು ಹೆಂಡತಿಗೇ ಬಿಟ್ಟೆ. ಹತ್ತಿರದ ಖಾಸಗಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ 45,000ದಿಂದ ಶುರು. ಅವಳು ಬಣ್ಣ, ಬೋರ್ಡು ನೋಡಲಿಲ್ಲ. ಕ್ಲಾಸ್ ನಡೆಯುವಾಗ ಹೋಗಿ ಬಾಗಿಲಲ್ಲಿ ನಿಂತು ನೋಡಿದಳು. ನಡೆದು ಹೋಗುವಷ್ಟು ಹತ್ತಿರದ ಒಂದು ಅನುದಾನಿತ ಶಾಲೆಯಲ್ಲಿ ಟೀಚರ್ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ವರ್ಷಕ್ಕೆ 9,000. ಅಲ್ಲೇ ಸೇರಿಸಿದೆವು. ಮಗ ಮೂರು ತುಂಬಿದ ಮೇಲೆ ಅಂಗನವಾಡಿಗೆ ಹೋದ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದನ್ನು ಹಾಕಿರಲಿಲ್ಲ. ದಾವಣಗೆರೆಯಲ್ಲಿ ಅವಳಿಗೆ ಅವಳದೇ ಸಂಬಳ, ಅವಳದೇ ಖಾತೆ ಇತ್ತು. ತಂಗಿಗೆ ಸೀರೆ ತರಲು ನನ್ನನ್ನು ಕೇಳುತ್ತಿರಲಿಲ್ಲ. ಇಲ್ಲಿಗೆ ಬಂದು ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅವಳ ಚಪ್ಪಲಿ ಕಿತ್ತುಹೋಗಿ, ಪಿನ್ನು ಹಾಕಿಕೊಂಡು ಓಡಾಡುತ್ತಿದ್ದಾಳೆ ಅಂತ ಗೊತ್ತಾಯಿತು. "ಹೊಸದು ತಗೋಬಾರದಾ?" ಎಂದೆ. "ನಿಮ್ಮನ್ನ ಕೇಳಬೇಕಲ್ಲ" ಎಂದಳು. ನನಗೆ ಊಟ ಸೇರಲಿಲ್ಲ. ನಾನು ಒಂದು ದಿನವೂ ಇಲ್ಲ ಎಂದಿರಲಿಲ್ಲ. ಆದರೆ ಹನ್ನೊಂದು ವರ್ಷ ದುಡಿದ ಹೆಣ್ಣುಮಗಳಿಗೆ ಕೇಳಬೇಕಾಗಿ ಬಂದಿದ್ದೇ ನೋವು.

ಅವತ್ತಿನಿಂದ ಸಂಬಳ ಬಂದ ದಿನ ಮೊದಲು ಹೋಗೋದು 2,500, ಅವಳ ಖಾತೆಗೆ. ಬಾಡಿಗೆ ಆಮೇಲೆ. ಅದಕ್ಕೆ ನಾನು ಲೆಕ್ಕ ಕೇಳೋದಿಲ್ಲ, ಅವಳು ಹೇಳಬೇಕಾಗಿಲ್ಲ. ಒಂದೇ ಸಂಬಳದಲ್ಲಿ ಸಂಸಾರ ಮಾಡಲು ಹೊರಟವರು ಇದನ್ನು ಮೊದಲ ತಿಂಗಳಿಂದಲೇ ಬರೆದಿಟ್ಟುಕೊಳ್ಳಿ. ಮಿಕ್ಕಿದ್ದರಲ್ಲಿ ಕೊಡ್ತೀನಿ ಅಂದರೆ ಯಾವತ್ತೂ ಮಿಗೋದಿಲ್ಲ.

ಒಂಟಿತನಕ್ಕೆ ಬಸ್ಸು ತುಂಬಾ ಸಹಾಯ ಮಾಡಿತು. ನಾವು ಬಂದ ಮರು ತಿಂಗಳೇ, ಜೂನ್‌ನಲ್ಲಿ, ಶಕ್ತಿ ಯೋಜನೆ ಶುರುವಾಯಿತು. ಎರಡು ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಸರ್ಕಾರಿ ಬಸ್ಸಿನಲ್ಲಿ ಊರಿಗೆ ಹೋಗಿ ಬರುತ್ತಾಳೆ. ಅವಳಿಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಬರುವಾಗ ಅವ್ವ ಮಾಡಿದ ಖಾರದ ಪುಡಿ, ಜೋಳ, ಮಂಡಕ್ಕಿ ಬರುತ್ತೆ. ಗದ್ದೆಯ ಅಕ್ಕಿ ವರ್ಷಕ್ಕೆರಡು ಸಲ ಲಾರಿಯಲ್ಲಿ ಬರುತ್ತೆ.

ಈಗ ಮೂರನೇ ವರ್ಷ. ನನ್ನ ಸಂಬಳ 54,000 ಆಗಿದೆ. ಮುಂದಿನ ಜೂನ್‌ಗೆ ಮಗನೂ ಶಾಲೆಗೆ. ಅವಳು ಮತ್ತೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅವಳು ಹೊರಗೆ ಹೋದರೆ ಮಧ್ಯಾಹ್ನ ಮಕ್ಕಳನ್ನು ಕರೆತರೋರು, ಊಟಕ್ಕೆ ಬಡಿಸೋರು ನಾನೇ. ಅದಕ್ಕೆ ಮೇಲಿನವರನ್ನು ಕೇಳಿ, ಈ ತಿಂಗಳಿಂದಲೇ ಬೆಳಗಿನ ಆರರ ಶಿಫ್ಟ್ ಹಾಕಿಸಿಕೊಂಡಿದ್ದೇನೆ. ಎರಡೂವರೆಗೆ ಮನೆ ಸೇರುತ್ತೇನೆ. ಸಾರು ಮಾಡೋದು ಇನ್ನೂ ಕಲಿಯುತ್ತಿದ್ದೇನೆ.