ಸ್ಪೋರ್ ಗೇಮ್‌ನಲ್ಲಿ ಮಾನೊಲಿತ್ ಹಾಕೋದು ಹೇಗೆ

ಒಂದು ಜೀವಿನ ಹಂತ ಹಂತವಾಗಿ ಬೆಳೆಸೋ 2008ರ ಕಂಪ್ಯೂಟರ್ ಗೇಮ್ ಸ್ಪೋರ್‌ನಲ್ಲಿ ನಂಗೆ ತುಂಬಾ ಇಷ್ಟವಾದ ಟೂಲ್ ಅಂದ್ರೆ ಮಾನೊಲಿತ್, ಇದು ಬರೀ ಸ್ಪೇಸ್ ಸ್ಟೇಜ್‌ನಲ್ಲಿ, ಅಂದ್ರೆ ಅಂತರಿಕ್ಷ ನೌಕೆಲಿ ಓಡಾಡೋ ಕೊನೆ ಹಂತದಲ್ಲಿ ಸಿಗೋದು, ಗ್ರಹದ ಮೇಲೆ ಇಳಿಸಿದ್ರೆ ಅಲ್ಲಿರೋ ಒಂದು ಪ್ರಾಣಿಗೆ ಬುದ್ಧಿ ಬಂದು ಗುಂಪು ಕಟ್ಕೊಂಡು ಬದುಕೋಕೆ ಶುರು ಮಾಡತ್ತೆ.

ಆದ್ರೆ ಪ್ರಾಣಿಗಳೇ ಇಲ್ದಿರೋ ಬರಡು ಗ್ರಹಕ್ಕೆ ಹಾಕಿ ಪ್ರಯೋಜನ ಇಲ್ಲ. ಮೊದ್ಲು ಗ್ರಹದ ತಾಪಮಾನ, ವಾತಾವರಣ ಎರಡನ್ನೂ ಸರಿಮಾಡಿ ಟಿ1ಗೆ (ಜೀವಿಗಳು ಬದುಕೋಕೆ ಆಗೋ ಮೊದಲ ಮಟ್ಟಕ್ಕೆ) ತನ್ನಿ, ಆಮೇಲೆ ಅಬ್ಡಕ್ಷನ್ ಬೀಮ್‌ನಲ್ಲಿ (ಗಿಡ, ಪ್ರಾಣಿಗಳನ್ನ ನೌಕೆಗೆ ಎಳ್ಕೊಳೋ ಕಿರಣ) ಬೇರೆ ಗ್ರಹದಿಂದ ಎತ್ಕೊಂಡು ಬಂದಿರೋ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಥರ ಗಿಡ ಇಳಿಸಿ, ಗಿಡಗಳಾದ್ಮೇಲೇನೇ ಎರಡು ಸಸ್ಯಾಹಾರಿ, ಒಂದು ಮಾಂಸಾಹಾರಿ ಪ್ರಾಣಿ ಇಳಿಸಿ. ಗಿಡ ಇಲ್ದೆ ಪ್ರಾಣಿ ಮಾತ್ರ ಇಳಿಸಿದ್ರೆ ಅವು ನಿಲ್ಲಲ್ಲ. ಇಷ್ಟಾದ್ಮೇಲೆ ಮಾನೊಲಿತ್ ಇಳಿಸಿ, ನಿಮ್ಮ ಫೇವರಿಟ್ ಪ್ರಾಣಿನೇ ತಂದು ಬಿಟ್ಟಿದ್ರಂತೂ ನೋಡೋಕೆ ತುಂಬಾ ಖುಷಿಯಾಗತ್ತೆ.