ಇಡೀ ಹಡಗು ಕಟ್ಟಿ ಆಮೇಲೆ ಒಡೆದೆ: ಬಟಾವಿಯಾ ಮಾದರಿ, ನನ್ನ ಅನುಭವ

ಕೊನೆಗೂ ಆಯಿತು. 1629ರಲ್ಲಿ ಒಡೆದ ಡಚ್ ಹಡಗು ಬಟಾವಿಯಾದ ಮರದ ಮಾದರಿ, 1:72 ಅಳತೆ (ನಿಜ ಹಡಗಿನ 72ರಲ್ಲಿ ಒಂದು ಪಾಲು), ಮೂತಿಯ ಕಂಬ ಸೇರಿ ಸುಮಾರು 79 ಸೆಂ.ಮೀ., ಹವಳದ ದಿಬ್ಬದ ಮೇಲೆ ಮುರಿದು ಕೂತಿದೆ. ಹಲಗೆಗಳು ನಾನು ಬಯಸಿದ ಕಡೆಯೇ ಕಿತ್ತುಕೊಂಡಿವೆ. ಅಂಟಿನ ಗುರುತು ಎಲ್ಲೂ ಕಾಣುವುದಿಲ್ಲ.

ಶುರುವಿನಲ್ಲಿ ಯಾರೂ ಒಪ್ಪಲಿಲ್ಲ. ಮಾದರಿ ಹಡಗು ಕಟ್ಟುವ ನಮ್ಮಲ್ಲಿ ಮುರಿದ ಹಡಗು ಮಾಡುವವರು ಮೊದಲೇ ಮುರಿದಂತೆ ಕಟ್ಟುತ್ತಾರೆ. ಅರ್ಧ ಒಡಲು, ಅಂಚಿನಲ್ಲಿ ಬ್ಲೇಡಿನಿಂದ ಸೀಳು, ಸ್ವಲ್ಪ ಕಪ್ಪು ಬಣ್ಣ. ನಾನು ಪೂರ್ತಿ ಕಟ್ಟಿ ನೀರಿನಿಂದಲೇ ಒಡೆಸುತ್ತೇನೆ ಅಂದಾಗ ಹಿರಿಯರೊಬ್ಬರು, "ಗುರುವೇ, ಎರಡು ವರ್ಷ ಕಟ್ಟೋದು ಒಡೆಯೋಕಾ?" ಅಂದರು. ಈಗ ಅವರೇ ಬಂದು ನೋಡಿ, ಅಂಟು ಯಾವುದು ಅಂತ ಎರಡು ಸಲ ಕೇಳಿದ್ದಾರೆ.

ಬಟಾವಿಯಾವನ್ನೇ ಯಾಕೆ ಆರಿಸಿದೆ ಅಂದರೆ, ಅದು ಯಾವ ಕ್ರಮದಲ್ಲಿ ಮುರಿಯಿತು ಅನ್ನುವುದು ಗೊತ್ತಿದೆ. 1629ರ ಜೂನ್ 4, ಬೆಳಗಾಗುವ ಮೊದಲು. ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಾಚೆಯ ಅಬ್ರೋಲ್ಯೋಸ್ ದ್ವೀಪಗಳ ಹವಳದ ದಿಬ್ಬಕ್ಕೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಈ ಹಡಗು ಹತ್ತಿತು. ದೂರದಲ್ಲಿ ಕಂಡ ಬಿಳಿ ನೊರೆಯನ್ನು ಹಡಗು ನಡೆಸುತ್ತಿದ್ದವನು ಬೆಳದಿಂಗಳು ಅಂದುಕೊಂಡಿದ್ದ. ಭಾರ ಇಳಿಸಲು ತೋಪುಗಳನ್ನು ಸಮುದ್ರಕ್ಕೆ ತಳ್ಳಿದರು. ಹಾಯಿ ಕಟ್ಟುವ ದೊಡ್ಡ ಕೂವೆಮರ ಕಡಿದರು. ಅದು ಹೊರಗೆ ಬೀಳುವ ಬದಲು ಹಡಗಿನ ಮೇಲೇ ಬಿತ್ತು. ಆಮೇಲೆ ಅಡಿ ಒಡೆದು ಉಗ್ರಾಣಕ್ಕೆ ನೀರು ನುಗ್ಗಿತು. ಹಡಗು ಪೂರ್ತಿ ಚೂರಾದದ್ದು ಸುಮಾರು ಒಂದು ವಾರದ ಮೇಲೆ. ಹಿಂಭಾಗದ ಎಡಮಗ್ಗುಲು ಮಾತ್ರ ಸಮುದ್ರದ ತಳದಲ್ಲಿ ಉಳಿಯಿತು. 1970ರ ದಶಕದಲ್ಲಿ ಅದನ್ನು ಮೇಲೆತ್ತಿದರು. ಈಗ ಫ್ರೀಮ್ಯಾಂಟಲ್‌ನ ಮ್ಯೂಸಿಯಂನಲ್ಲಿದೆ. ಅಂದರೆ ನನ್ನ ಮಾದರಿಯಲ್ಲೂ ಆ ಮೂಲೆ ಗಟ್ಟಿಯಾಗಿರಬೇಕು, ಉಳಿದದ್ದು ಬಿಡಬೇಕು.

ಅದಕ್ಕೇ ಎರಡು ಅಂಟು. ಹಿಂಭಾಗದ ಎಡಮಗ್ಗುಲಿಗೆ ನೀರಿಗೆ ಜಗ್ಗದ ಮರದ ಅಂಟು. ಮಿಕ್ಕ ಕಡೆ ಮೈದಾ ಅಂಟು. ಬರೀ ಮೈದಾ ನಡೆಯುವುದಿಲ್ಲ, ಒಣಗಿದಾಗ ಪುಡಿಯಾಗುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಅದಕ್ಕೆ ಇನ್ನೊಂದು ಸಾಮಾನು ಬೆರೆಸುತ್ತೇನೆ. ಅದು ಅಡುಗೆಮನೆಯಲ್ಲೇ ಇರುತ್ತದೆ. ಯಾವುದು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮರ ಚನ್ನಪಟ್ಟಣದ ಹಾಲೆ ಮರ. ಗೊಂಬೆ ಮಾಡುವವರ ಹತ್ತಿರ ಉಳಿದ ತುಂಡು ಸಿಗುತ್ತದೆ, ಸೀಳಿಸುವ ಕೂಲಿ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಬಿಳಿ ಮರ, ನಾರು ಸಣ್ಣದು, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮೊದಲು ತೇಗದಲ್ಲಿ ಒಂದು ಒಡಲು ಮಾಡಿದ್ದೆ. ತೇಗದ ಗೆರೆ ಈ ಅಳತೆಗೆ ತುಂಬ ದಪ್ಪ ಕಾಣಿಸಿತು. ಎಣ್ಣೆ ಬೇರೆ, ಮೈದಾ ಹಿಡಿಯಲೇ ಇಲ್ಲ. ಐದಾರು ಸಾವಿರ ನೀರಿಗೆ ಹೋಯಿತು.

ನಿಜವಾದ ಬಟಾವಿಯಾಕ್ಕೆ ಎರಡು ಪದರ ಓಕ್ ಹಲಗೆ, ಹೊರಗೆ ಪೈನ್ ಹೊದಿಕೆ. ನಾನೂ ಎರಡು ಪದರ ಹಾಕಿದೆ. ಹೆಚ್ಚು ದಿನ ತಿಂದದ್ದು ಇದೇ. ನಾವೆಲ್ಲ ಹಲಗೆಯನ್ನು ಬಿಸಿ ನೀರಲ್ಲಿ ನೆನೆಸಿ ಬಗ್ಗಿಸುತ್ತೇವೆ, ಅಲ್ವಾ? ಹಾಗೆ ಬಗ್ಗಿಸಿದ ಹಲಗೆ ಅಂಟು ಬಿಟ್ಟರೂ ಸುಮ್ನೆ ಅಲ್ಲೇ ಕೂರುತ್ತದೆ. ಒಣಗಿದ್ದಾಗಲೇ ಬಲವಂತವಾಗಿ ಬಗ್ಗಿಸಿ ಕ್ಲಿಪ್ ಹಾಕಿದ ಹಲಗೆ ಮಾತ್ರ ಅಂಟು ಸಡಿಲಾದ ಕೂಡಲೇ ಹೊರಗೆ ಚಿಮ್ಮುತ್ತದೆ. ಮೂತಿಯ ಕಡೆ ಹಾಗೆ ಬಗ್ಗಿಸುವಾಗ ಹತ್ತರಲ್ಲಿ ಮೂರು ಹಲಗೆ ಮುರಿದವು. ಆದರೂ ಆ ದಾರಿಯೇ ಸರಿ. ಬ್ಲೇಡಿನಲ್ಲಿ ಎಷ್ಟು ಕೆತ್ತಿದರೂ ಆ ಚಿಮ್ಮು ಬರುವುದಿಲ್ಲ.

ಒಡೆಯುವ ದಿನ ಅಗಲದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಡಲಿನ ಅರ್ಧದವರೆಗೆ ಉಗುರುಬೆಚ್ಚಗಿನ ನೀರು ತುಂಬಿದೆ. ಒಳಗೆ ಮರಳಿನ ಚೀಲ ಇಟ್ಟೆ. ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಬಲಮಗ್ಗುಲಿನ ಅಡಿ ಬಿಟ್ಟುಕೊಂಡಿತು, ಹಿಂದೆಯೇ ಮೂತಿಯ ಹಲಗೆಗಳು ಒಂದೊಂದಾಗಿ ಟಕ್ ಟಕ್ ಅಂತ ಎದ್ದವು. ಎಡಮಗ್ಗುಲಿನ ಹಿಂಭಾಗ ಅಲುಗಲಿಲ್ಲ. ಅಷ್ಟು ಖುಷಿ ಈ ಹವ್ಯಾಸದಲ್ಲಿ ನನಗೆ ಯಾವತ್ತೂ ಆಗಿರಲಿಲ್ಲ.

ಇನ್ನು ಮಾದರಿಯಲ್ಲಿ ತೋರಿಸಿದ ಲೂಟಿ. ಬಟಾವಿಯಾ ಅಂದ ಕೂಡಲೇ ಎಲ್ಲರೂ ದ್ವೀಪದ ಕೊಲೆಗಳಿಗೆ ಹೋಗುತ್ತಾರೆ. ಬದುಕುಳಿದವರು ಹತ್ತಿರದ ದ್ವೀಪ ಸೇರಿದ ಮೇಲೆ, ಹಡಗಿನಲ್ಲಿದ್ದ ಕಂಪನಿಯ ಅಧಿಕಾರಿ ಯೆರೋನಿಮಸ್ ಕಾರ್ನೆಲಿಸ್ ಮತ್ತು ಅವನ ಕಡೆಯವರು ನೂರಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳು ಸೇರಿ, ಕೊಂದರು. ಅದನ್ನು ಗೊಂಬೆ ಮಾಡಿ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ನನಗೆ ಬೇಕಾದದ್ದು ಅದಕ್ಕೂ ಮುಂಚಿನ ದಿನಗಳು. ಸುಮಾರು ಎಪ್ಪತ್ತು ಜನ ಹಡಗಿನಲ್ಲೇ ಉಳಿದು, ಮದ್ಯದ ಪೀಪಾಯಿ ಒಡೆದು, ಕಮಾಂಡರ್ ಪೆಲ್ಸಾರ್ಟ್‌ನ ಕೋಣೆಗೆ ನುಗ್ಗಿ ಪೆಟ್ಟಿಗೆ ಒಡೆದರು. ಕಾಲ ಕೆಳಗೆ ಹಡಗು ಕಳಚುತ್ತಿದೆ, ಇವರು ಬೆಳ್ಳಿ ಎಣಿಸುತ್ತಿದ್ದಾರೆ. ದ್ವೀಪದಲ್ಲಿ ನಡೆದದ್ದಕ್ಕೆ ಬೀಜ ಇಲ್ಲೇ ಬಿತ್ತು ಅಂತ ನನ್ನ ನಂಬಿಕೆ.

ನಾಣ್ಯಕ್ಕೆ ಬಹಳ ಅಲೆದೆ. ಆ ಕಾಲದ ದೊಡ್ಡ ಬೆಳ್ಳಿ ನಾಣ್ಯ ನಮ್ಮ ಅಳತೆಗೆ ಅರ್ಧ ಮಿ.ಮೀ. ಚಿಲ್ಲರೆ. ಅಲ್ಯೂಮಿನಿಯಂ ಹಾಳೆಯಿಂದ ಪಂಚ್ ಮಾಡಲು ನೋಡಿದೆ, ಆಗಲಿಲ್ಲ. ಮಿನುಗುಪುಡಿ ಮದುವೆ ಕಾರ್ಡಿನಂತೆ ಕಾಣಿಸಿತು. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನ 0.6 ಮಿ.ಮೀ. ಸೋಲ್ಡರ್ (ಬೆಸುಗೆ) ತಂತಿ ತಂದು ಬ್ಲೇಡಿನಲ್ಲಿ ತೆಳ್ಳಗೆ ಕೊಯ್ದೆ. ಒಂದು ಸಂಜೆಗೆ ಸಾವಿರಾರು ನಾಣ್ಯ! ಸೀಸ ಇರುತ್ತದೆ, ಕೈ ತೊಳೆಯಿರಿ.

ಉಗ್ರಾಣದಲ್ಲಿದ್ದ ಮರಳುಗಲ್ಲಿನ 137 ತುಂಡುಗಳನ್ನೂ ಬಿಡಲಿಲ್ಲ. ಜಾವಾದ ಬಟಾವಿಯಾ ಊರಿನ (ಇಂದಿನ ಜಕಾರ್ತಾ) ಕೋಟೆಯ ಹೆಬ್ಬಾಗಿಲಿಗೆ ಕಳಿಸಿದ ಕಲ್ಲುಗಳವು, ಈಗ ಆಸ್ಟ್ರೇಲಿಯಾದ ಜೆರಾಲ್ಡ್‌ಟನ್ ಮ್ಯೂಸಿಯಂನಲ್ಲಿ ಜೋಡಿಸಿಟ್ಟಿದ್ದಾರೆ. ಬಳಪದ ಕಲ್ಲಲ್ಲಿ ಎಲ್ಲವನ್ನೂ ಕೊಯ್ದೆ. ನೀರೊಳಗೆ ಮುಕ್ಕಾಲು ಪಾಲು ಕಾಣುವುದಿಲ್ಲ, ಆದರೂ ಅಲ್ಲಿ ಇರಬೇಕು.

ದುಡ್ಡು ನುಂಗಿದ್ದು ಸಮುದ್ರ. ನೀರಿನಂತೆ ಕಾಣಲು ಸುರಿಯುವ, ಆಮೇಲೆ ಗಟ್ಟಿಯಾಗುವ ರೆಸಿನ್ ಕೆಜಿಗೆ ಎಂಟುನೂರರ ಆಸುಪಾಸು. ಮೊದಲ ಸಲ ದಪ್ಪಗೆ ಸುರಿದದ್ದು ಕಾದು ಬಿರುಕು ಬಿಟ್ಟಿತು. ಎರಡನೇ ಸಲ ಮರದೊಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಬಂತು. ಒಡೆದ ಒಡಲನ್ನು ವಾರಗಟ್ಟಲೆ ಒಣಗಿಸಿ, ತೆಳು ಫ್ರೆಂಚ್ ಪಾಲಿಶ್ ಮೂರ್ನಾಲ್ಕು ಕೈ ಕೊಟ್ಟ ಮೇಲೆ ಗುಳ್ಳೆ ನಿಂತಿತು. ಕೆಳಗೆ ಪ್ಲಾಸ್ಟರ್ ದಿಬ್ಬ, ಮೇಲೆ ಸೆಂಟಿಮೀಟರಿಗಿಂತ ಕಡಿಮೆ ದಪ್ಪದ ಪದರಗಳು. ರೆಸಿನ್‌ಗೇ ಹತ್ತು ಸಾವಿರ, ಅಕ್ರಿಲಿಕ್ ಪೆಟ್ಟಿಗೆಗೆ ಒಂಬತ್ತು, ಎಲ್ಲ ಸೇರಿ ಮೂವತ್ತೈದರ ಹತ್ತಿರ ಆಗಿರಬೇಕು. ನೊರೆ ಹೇಗೆ ಮಾಡಿದೆ ಅಂತ ಕೇಳಬೇಡಿ, ಅದು ಎದುರಿಗೆ ಬಂದವರಿಗೆ ಮಾತ್ರ.

ಮುಂದಿನದು ಶುರುವಾಗಿದೆ. ಪೆಲ್ಸಾರ್ಟ್ ದೋಣಿಯಲ್ಲಿ ಜಾವಾಕ್ಕೆ ಹೋಗಿ ಸಾರ್ಡಮ್ ಹಡಗಿನಲ್ಲಿ ವಾಪಸ್ ಬಂದಾಗ ಜೊತೆಗೆ ನೀರಿನಡಿಯಿಂದ ಸಾಮಾನು ಎತ್ತುವ ಮುಳುಗುಗಾರರನ್ನು ಕರೆತಂದ. ಅವರಲ್ಲಿ ಗುಜರಾತಿಗಳೂ ಇದ್ದರು. ಬೆಳ್ಳಿಯ 12 ಪೆಟ್ಟಿಗೆಗಳಲ್ಲಿ 10 ಮೇಲೆ ಬಂದವು. ಉಳಿದದ್ದರಲ್ಲಿ ಒಂದು ಪೆಟ್ಟಿಗೆ ತೋಪಿನ ಅಡಿ ಸಿಕ್ಕಿಕೊಂಡಿತ್ತು. ಆ ಪೆಟ್ಟಿಗೆ, ಆ ತೋಪು, ಪಕ್ಕದಲ್ಲಿ ಒಬ್ಬ ಗುಜರಾತಿ. ಈ ಸಲ ಅಳತೆ 1:24. ತೋಪಿನ ಕೊಳವೆ ಈಗಾಗಲೇ ಲೇತಿನಲ್ಲಿದೆ.